ಅವ್ವನ ತೊಟ್ಟಿಲ ಅಚ್ಚು

೧೬ ಸೆಪ್ಟೆಂಬರ್ ೨೦೦೩, ಮಂಗಳವಾರ

ಈ ಪುಸ್ತಕ ತೆರೆದವರು ಯಾರೇ ಆಗಿರಲಿ, ಮೊದಲು ಮುಚ್ಚಿ ಇಡಿ. ಇನ್ನೊಬ್ಬರ ದಿನಚರಿಯಲ್ಲಿ ಇಣುಕುವಷ್ಟು ಪುರುಸೊತ್ತು ಎಲ್ಲಿಂದ ಬಂತು? ಸೊಸೆಯಾಗಿದ್ದರೆ ಹೋಗಿ ಕುಕ್ಕರಿನ ಸೀಟಿ ಎಣಿಸು. ಮಗನಾಗಿದ್ದರೆ ಆಸ್ಪತ್ರೆಯಲ್ಲಿ ನಿನ್ನ ರೋಗಿಗಳು ಕಾಯುತ್ತಿದ್ದಾರೆ, ನಡೆ. ಮೊಮ್ಮಗಳು ಸಂಹಿತಾಳಿಗೆ ಬೈಗುಳ ಇಲ್ಲ, ಅವಳಿಗೆ ಕನ್ನಡ ಓದಲು ಬರುವುದಿಲ್ಲ. ಅದಕ್ಕೇ ಬೇರೆ ಬೈಗುಳ ಇದೆ, ಅದನ್ನು ಬಾಯಿಂದಲೇ ಬೈಯುತ್ತೇನೆ.

ನಾನು ಓದಿದ್ದು ಮೂರನೇ ಇಯತ್ತೆ. ಒತ್ತಕ್ಷರ ಅಲ್ಲಲ್ಲಿ ಜಾರಬಹುದು. ಜಾರಿದರೆ ನನ್ನ ಪುಸ್ತಕದಲ್ಲೇ ಜಾರುತ್ತದೆ, ನಿಮ್ಮ ಕಾಲ ಮೇಲೆ ಬೀಳುವುದಿಲ್ಲ.

ಬರೆಯಲು ಹೇಳಿದವಳು ಡೆಬೊರಾ. ಇಲ್ಲಿ ಇಂಗ್ಲಿಷರ ನಾಡಿನ ಹ್ಯಾರೋದಲ್ಲಿ ದೊಡ್ಡವರಿಗೆ ಕಲಿಸುವ ಶಾಲೆಯೊಂದಿದೆ, ಅಲ್ಲಿಯ ಟೀಚರು. ಅಲ್ಲಿಗೆ ನನ್ನನ್ನು ಸೇರಿಸಿದವಳು ಸೊಸೆ ಕಲ್ಯಾಣಿ. ಐವತ್ತು ವರ್ಷ ಕಸೂತಿ ಹಾಕಿದ ಕೈ ಎರಡು ವರ್ಷದಿಂದ ಸುಮ್ಮನಿದೆ. ಕಣ್ಣಿನ ಪೊರೆ ತೆಗೆಸಿದ ಮೇಲೂ ಬಟ್ಟೆಯ ಎಳೆ ಎಣಿಸಲು ಆಗುತ್ತಿಲ್ಲ. ಕೈ ಖಾಲಿ ಇದ್ದರೆ ನನ್ನ ನಾಲಿಗೆ ಉದ್ದವಾಗುತ್ತದೆಂದು ಅವಳ ಲೆಕ್ಕ. ತಪ್ಪು ಲೆಕ್ಕವೇನಲ್ಲ.

"ಹೊಲಿಗೆ ಕ್ಲಾಸು ತುಂಬಿಹೋಗಿದೆ ಅತ್ತೆ. ಲಿನೋ ಕ್ಲಾಸಲ್ಲಿ ಒಂದೇ ಒಂದು ಜಾಗ ಇತ್ತು, ಹಾಕಿಬಿಟ್ಟೆ," ಅಂದಳು.

"ನೀ ಬಸ್ಸಿನಾಗ ಜಾಗ ಹಿಡದಂಗ ಹಿಡದಿ. ಬಸ್ಸು ಎಲ್ಲಿಗಿ ಹೊಂಟೈತಿ ನೋಡೇ ಇಲ್ಲ," ಅಂದೆ.

ಲಿನೋ ಎಂದರೆ ಇಲ್ಲಿನವರು ಹಿಂದೆ ಅಡಿಗೆಮನೆಯ ನೆಲಕ್ಕೆ ಹಾಸುತ್ತಿದ್ದ ದಪ್ಪ ಹಾಳೆ. ಅದರ ಮೇಲೆ ಸಣ್ಣ ಉಳಿಯಿಂದ ಚಿತ್ರ ಕೊರೆದು, ಮಸಿ ಸವರಿ, ಕಾಗದ ಹೊದಿಸಿ ಒತ್ತಬೇಕು. ಕೊರೆದದ್ದು ಬೆಳ್ಳಗೆ ಉಳಿಯುತ್ತದೆ, ಬಿಟ್ಟದ್ದು ಕಪ್ಪಗೆ ಮೂಡುತ್ತದೆ. ಮೂಸಿ ನೋಡಿದೆ, ಅಗಸೆ ಎಣ್ಣೆಯ ವಾಸನೆ. ಕ್ಲಾಸಿನವರೆಲ್ಲ ಮೂಗು ಮುಚ್ಚಿಕೊಂಡರು. ನನಗೆ ಹಸಿವಾಯಿತು.

೨೦ ಸೆಪ್ಟೆಂಬರ್, ಶನಿವಾರ

ನರಗುಂದದಿಂದ ಶರಣಪ್ಪ ಫೋನು ಮಾಡಿದ್ದ. ನನ್ನ ತಂಗಿ ಚಂಪವ್ವನ ಮಗ.

"ದೊಡ್ಡವ್ವಾ, ಅವ್ವಗ ಎರಡೂ ಕಣ್ಣು ಹೋಗ್ಯಾವು. ಇನ್ನ ತಿರುಗಿ ಬರೂದಿಲ್ಲ ಅಂದ್ರು ಡಾಕ್ಟರು."

ಫೋನನ್ನು ಇನ್ನೊಂದು ಕಿವಿಗೆ ಹಿಡಿದೆ.

"ದಿನಾ ಸೆರಗ ಹಿಡಕೊಂಡು ಕುಂಡರ್ತಾಳ. ಬೆರಳಲೆ ಎಳಿ ಎಣಿಸಿದಂಗ ಮಾಡ್ತಾಳ. ಏನ ಕೇಳಿದ್ರೂ ಮಾತಿಲ್ಲ, ಊಟಾ ಅರ್ಧಕ್ಕ ಬಿಡ್ತಾಳ. ನೀ ಒಮ್ಮೆ ಮಾತಾಡು. ಇಲ್ಲಂದ್ರ ಅಕಿ ಹಿಂಗ ಕರಗಿ ಹೋಗ್ತಾಳ."

"ತಪ್ಪಾತು ಅಂತ ಅಕಿ ಅನ್ಲಿ. ಆಮ್ಯಾಲ ನೋಡೂಣು," ಅಂದು ಫೋನಿಟ್ಟೆ.

ಸಂಗತಿ ಇಷ್ಟು. ನಮ್ಮ ಅವ್ವ ಒಂದು ಚಿತ್ತಾರ ಹಾಕುತ್ತಿದ್ದಳು: ಒಂದು ತೊಟ್ಟಿಲು, ಅದರ ಎರಡು ಸರಪಣಿ, ಸರಪಣಿಗೊಂದು ಗಿಳಿ. ಯಾರಿಂದಲೂ ಕಲಿತದ್ದಲ್ಲ, ಅವಳ ತಲೆಯೊಳಗಿಂದಲೇ ಇಳಿದದ್ದು. ನಮ್ಮಿಬ್ಬರಿಗೆ ಮಾತ್ರ ಕಲಿಸಿದ್ದಳು. ೧೯೭೯ರಲ್ಲಿ ಚಂಪಿ ಅದನ್ನು ಹುಬ್ಬಳ್ಳಿಯ ಅಂಗಡಿಯವನೊಬ್ಬನಿಗೆ ಬರೆದುಕೊಟ್ಟಳು. ಆರು ತಿಂಗಳಿಗೆ ಅದು ನೈಲಾನ್ ಸೀರೆಗಳ ಮೇಲೆ ಛಾಪಾ ಆಗಿ ಬಂತು. ಬಸ್ಸಿನಲ್ಲಿ ನನ್ನ ಪಕ್ಕ ಕುಳಿತವಳೊಬ್ಬಳು ಮಿರ್ಚಿ ತಿಂದು ಎಣ್ಣೆಕೈಯನ್ನು ಅವ್ವನ ತೊಟ್ಟಿಲಿಗೆ ಒರೆಸಿಕೊಂಡಳು.

ಇಳಿದವಳೇ ಚಂಪಿಯ ಮನೆಗೆ ಹೋದೆ. "ನಾವಿಬ್ರೂ ಹ್ವಾದ ಮ್ಯಾಲೆ ಅದೂ ಹೋಗಬಾರದಂತ ಕೊಟ್ಟೆ ಅಕ್ಕಾ," ಅಂದಳು. "ಹೋದ್ರ ಹೋಗ್ಲಿ, ನಮ್ಮ ಸಂಗಾಟ ಹೋಗ್ಲಿ," ಅಂದೆ. ಅದೇ ಕೊನೆ. ಇಪ್ಪತ್ತನಾಲ್ಕು ವರ್ಷ. ಕಣ್ಣು ಹೋಯಿತೆಂದ ಮಾತ್ರಕ್ಕೆ ಮಾಡಿದ್ದು ಮಾಡಲಿಲ್ಲ ಅಂತ ಆಗುವುದಿಲ್ಲ.

ಮಧ್ಯಾಹ್ನ ನನಗೂ ಊಟ ಸೇರಲಿಲ್ಲ. ಕಲ್ಯಾಣಿಯ ಸಾರಿನಲ್ಲಿ ಹುಳಿ ಜಾಸ್ತಿ.

೨೩ ಸೆಪ್ಟೆಂಬರ್, ಮಂಗಳವಾರ

ಇವತ್ತು ಇಡೀ ಕ್ಲಾಸು ನನ್ನನ್ನು ನೋಡಿ ನಕ್ಕಿತು. ನಗಲಿ, ಹಲ್ಲು ಅವರವು.

ಲಿನೋ ಹಾಳೆಗೆ ಎರಡು ಮುಖ. ಒಂದು ಕಂದು ಬಣ್ಣ, ಬೋಳು, ನುಣುಪು. ಇನ್ನೊಂದಕ್ಕೆ ಗೋಣಿಬಟ್ಟೆ ಅಂಟಿಸಿದ್ದಾರೆ. ಕಸೂತಿ ಹಾಕುವವರು ಯಾರನ್ನಾದರೂ ಕೇಳಿ, ಯಾವುದು ಸುಲ್ಟಾ, ಯಾವುದು ಮೇಲ್ಮುಖ ಅಂತ. ಎಳೆ ಕಾಣುವ ಕಡೆಯೇ ಸುಲ್ಟಾ. ಹಾಸು ಎಣಿಸಬಹುದು, ಹೊಕ್ಕು ಎಣಿಸಬಹುದು. ಎರಡು ವರ್ಷದ ಮೇಲೆ ನನ್ನ ಕಣ್ಣಿಗೆ ದಕ್ಕುವಷ್ಟು ದಪ್ಪ ಎಳೆ ಸಿಕ್ಕಿತ್ತು. ಮನೆಯಲ್ಲಿ ಒಂದು ವಾರ ಕೂತು ಎಳೆ ಎಣಿಸಿ, ಪೆನ್ಸಿಲಿನಿಂದ ಚುಕ್ಕೆ ಇಟ್ಟು, ತೊಟ್ಟಿಲು ಗಿಳಿ ಎಲ್ಲಾ ಗೋಣಿಯ ಮೇಲೆ ಬರೆದುಕೊಂಡು ಹೋಗಿದ್ದೆ. ಉಳಿ ಹಾಕಿದರೆ ನಾರು ಎದ್ದು ಬಂತು.

ಪಕ್ಕದಲ್ಲಿ ಕೂರುವವಳು ವೈಲೆಟ್. ಉಡುಪಿ ಕಡೆಯ ಕ್ರಿಶ್ಚಿಯನ್ನರು. ಫೆಲ್ಥಮ್‌ನಲ್ಲಿದ್ದು ವಿಮಾನ ನಿಲ್ದಾಣದ ಕ್ಯಾಂಟೀನಿನಲ್ಲಿ ದುಡಿದು, ಈಗ ಹ್ಯಾರೋದಲ್ಲಿ ಮಗ ಓಸ್ವಿನ್‌ನ ಮನೆಯಲ್ಲಿದ್ದಾಳೆ. ಡೆಬೊರಾಳ ಇಂಗ್ಲಿಷು ನನಗೆ ತಲುಪುವುದು ಅವಳ ಬಾಯಿಯಿಂದ.

"ಎಂತ ನೀಲಕ್ಕ ಇದು? ನೀವು ಬೆನ್ನಿಗೆ ಚಿತ್ರ ಬಿಡಿಸಿದ್ದೀರಲ್ಲ ಮಾರಾಯ್ತಿ. ಮುಖ ಆಚೆ ಬದಿ ಉಂಟು."

"ಇಷ್ಟ್ ಬೋಳು ಇರೂದಕ್ಕ ಮುಖ ಅಂತಾರೇನು?"

ಡೆಬೊರಾ ಮಾತ್ರ ನಗಲಿಲ್ಲ. ನಾನು ಇಟ್ಟ ಚುಕ್ಕೆಗಳನ್ನೇ ಬಹಳ ಹೊತ್ತು ನೋಡಿದಳು. ಆಮೇಲೆ ಗೋಣಿಯ ಎಳೆಯ ಅಳತೆಗೇ ಒಂದು ಪಟ್ಟಿ ಕತ್ತರಿಸಿ, ಅದನ್ನು ನುಣುಪು ಮುಖದ ಮೇಲಿಟ್ಟು ಮನೆ ಮನೆ ಗೆರೆ ಎಳೆದುಕೊಟ್ಟಳು. ಇನ್ನು ಎಣಿಸಿಕೋ ಅಂತ ಕೈಸನ್ನೆ ಮಾಡಿದಳು. ಕೆಲಸ ಬಲ್ಲವಳು.

ಒತ್ತಿದಾಗ ಚಿತ್ರದ ಎಡಬಲ ಅದಲುಬದಲಾಗುತ್ತದೆ, ಹುಷಾರು ಎಂದು ಎಲ್ಲರಿಗೂ ಹೇಳಿದಳು. ಉಳಿದವರೆಲ್ಲ ತಲೆಕೆಡಿಸಿಕೊಂಡರು. ನನ್ನ ಗಿಳಿಗಳು ಎರಡು. ಆಚೆಯದು ಈಚೆ ಬಂದರೂ ಎರಡೇ.

೧ ಅಕ್ಟೋಬರ್

ಎಡಗೈ ಹೆಬ್ಬೆರಳು ಕೊಯ್ದುಕೊಂಡೆ. ಉಳಿಯ ಮುಂದೆ ಕೈ ಇಡಬಾರದು. ಇದನ್ನು ಡೆಬೊರಾ ಮೂರು ಸಲ, ವೈಲೆಟ್ ಆರು ಸಲ ಹೇಳಿದ್ದರು. ನನಗೆ ಗೊತ್ತಿತ್ತು, ಬೆರಳಿಗೆ ಗೊತ್ತಿರಲಿಲ್ಲ.

೭ ಅಕ್ಟೋಬರ್, ಮಂಗಳವಾರ

ಮೊದಲನೇ ಅಚ್ಚು ಒತ್ತಿದೆ.

ಸೂಜಿ ಓಡಿದಂತೆಯೇ ಗೆರೆ ಕೊರೆದಿದ್ದೆ, ಹೆಜ್ಜೆ ಹೆಜ್ಜೆ. ಡೆಬೊರಾ ಗಾಜಿನ ಮೇಲೆ ಕಪ್ಪು ಮಸಿ ಹರಡಿ ರೋಲರು ಕೊಟ್ಟಳು. ಮಸಿ ಸಾಕಷ್ಟು ಹತ್ತಿದಾಗ ರೋಲರು ಹಂಚಿನ ಮೇಲೆ ನೀರು ಚಿಮುಕಿಸಿದಂತೆ ಚಿರ್ರ್ ಅನ್ನುತ್ತದೆ. ಕಾಗದ ಹೊದಿಸಿ, ಮರದ ಚಮಚದ ಬೆನ್ನಿನಿಂದ ಉಜ್ಜಿ, ಒಂದು ಮೂಲೆ ಹಿಡಿದು ಎತ್ತಿದೆ. ಕಪ್ಪು ನೆಲ, ಮೇಲೆ ಬಿಳಿ ತೊಟ್ಟಿಲು. ಅವ್ವನ ಕಪ್ಪು ಚಂದ್ರಕಾಳಿ ಸೀರೆಯ ಸೆರಗನ್ನು ಯಾರೋ ಒಂದು ಗೇಣು ಕತ್ತರಿಸಿ ನನ್ನ ಮುಂದೆ ಇಟ್ಟಂತಿತ್ತು.

ಕ್ಲಾಸಿನವರು ಎದ್ದು ಬಂದು ಸುತ್ತ ನಿಂತರು. ಆವತ್ತು ನಕ್ಕವರೇ ಎಲ್ಲ.

"ಎಷ್ಟು ಪ್ರತಿ ಒತ್ತುತ್ತೀರಿ ಅಂತ ಡೆಬೊರಾ ಕೇಳ್ತಾಳೆ," ಅಂದಳು ವೈಲೆಟ್.

"ಒಂದು."

"ಒಂದಕ್ಕೆ ಇಷ್ಟೆಲ್ಲ ಎಂತಕ್ಕೆ ಕೊರೆಯುವುದು ಅಕ್ಕ? ನನಗೊಂದು ಕೊಡಿ."

"ನಿನಗ್ಯಾಕ ಬೇಕು ನಮ್ಮವ್ವನ ತೊಟ್ಟಿಲು? ನಿಮ್ಮವ್ವ ನಿನ್ನ ಚಾಪಿ ಮ್ಯಾಲೆ ಹಾಕಿದ್ಲೇನು?"

ಅವಳಿಗೆ ಸಿಟ್ಟು ಬರಲಿಲ್ಲ. ಬಂದಿದ್ದರೆ ಚೆನ್ನಾಗಿತ್ತು. ಬಸ್ಸಿನಲ್ಲಿ ಮನೆಯವರೆಗೂ ನನ್ನ ಚೀಲ ಅವಳೇ ಹಿಡಿದಿದ್ದಳು.

೧೨ ಅಕ್ಟೋಬರ್, ಭಾನುವಾರ

ಲಿನೋ ಬೆಚ್ಚಗಿದ್ದರೆ ಮೆತ್ತಗಾಗುತ್ತದೆ. ಈ ಊರಿನ ಚಳಿಗೆ ಅದು ಕಲ್ಲು.

"ಅತ್ತೆ, ತವಾ ಮೇಲೆ ಏನದು?"

"ಲಿನೋ."

"ಅದು ರೊಟ್ಟಿ ತವಾ ಅಲ್ವಾ?"

"ರೊಟ್ಟಿ ಬೇಯ್ತೈತಿ, ಇದು ಬೆಚ್ಚಗಾಗ್ತೈತಿ. ತವಾಕ್ಕೇನು ಜಾತಿ ಕೆಡ್ತೈತಿ?"

"ಬಿಸಿನೀರಿನ ಬಾಟಲಿ ಮೇಲೆ ಇಡಬೇಕು ಅಂತ ಟೀಚರು ಹೇಳಿದಾರಂತಲ್ಲ?"

"ಟೀಚರು ಜ್ವಾಳದ ರೊಟ್ಟಿ ಬಡದಾಳೇನು?"

ಅಷ್ಟರಲ್ಲಿ ಹೊಗೆ ಎದ್ದು ಛಾವಣಿಯ ಅಲಾರಮು ಕೂಗಿಕೊಂಡಿತು. ಸಂಹಿತಾ ಕುರ್ಚಿ ಹತ್ತಿ ಟವೆಲು ಬೀಸಿದಳು. ಮಗ ಉಮಾಶಂಕರ ಪೇಪರಿನಿಂದ ತಲೆ ಎತ್ತಿ, "ಯವ್ವಾ, ಮನೀಗಿ ವಿಮಾ ಮಾಡಿಸಿದ್ದು ಛಲೋ ಆತು," ಅಂದ. ವಿಮೆ ಅವನ ನಾಲಿಗೆಗೂ ಮಾಡಿಸಬೇಕು. ಆ ನಾಲಿಗೆ ನನ್ನ ಕಡೆಯಿಂದಲೇ ಬಂದದ್ದು.

ಸಂಜೆ ಕಲ್ಯಾಣಿ ಎಲ್ಲಿಂದಲೋ ಒಂದು ಹಳೆ ತವಾ ತಂದು, "ಇದು ನಿಮ್ಮದು, ಅದು ನಂದು," ಅಂದು ಒಲೆಯ ಪಕ್ಕ ಇಟ್ಟಳು. ಮೈಸೂರಿನವರು ಜಗಳವನ್ನೂ ತೊಳೆದು ಒರೆಸಿ ಕೊಡುತ್ತಾರೆ.

೨೫ ಅಕ್ಟೋಬರ್, ದೀಪಾವಳಿ

ಉಮಾಶಂಕರ ನನ್ನನ್ನು ಕೇಳದೆ ನರಗುಂದಕ್ಕೆ ಫೋನು ಹಚ್ಚಿ ನನ್ನ ಕೈಯಲ್ಲಿಟ್ಟ. ಆ ಕಡೆಯಿಂದ ಚಂಪಿ "ಯಾರು?" ಅಂದಳು. ಧ್ವನಿ ಒಣಗಿದ ಸೋಗೆಯಂತಾಗಿದೆ. ಮತ್ತೊಮ್ಮೆ "ಯಾರವ್ವಾ ಅದು?" ಅಂದಳು.

ಲೈನು ಸರಿ ಇರಲಿಲ್ಲ. ಫೋನನ್ನು ಕಲ್ಯಾಣಿಯ ಕೈಗೆ ಕೊಟ್ಟೆ.

೨೬ ಅಕ್ಟೋಬರ್

ಲೈನು ಸರಿ ಇತ್ತು.

೨೮ ಅಕ್ಟೋಬರ್, ಮಂಗಳವಾರ

ಮೊದಲ ಅಚ್ಚನ್ನು, ಆ ಕೊರೆದ ಲಿನೋ ಹಾಳೆಯನ್ನು, ಮಡಿಲಲ್ಲಿಟ್ಟು ಕಣ್ಣು ಮುಚ್ಚಿ ಬೆರಳಾಡಿಸಿದೆ. ಸುಮ್ಮನೆ, ಮಸಿ ಹೋಗಿದೆಯೋ ಇಲ್ಲವೋ ನೋಡಲು. ಗೆರೆ ಇದ್ದಲ್ಲೆಲ್ಲ ಗಟಾರ. ಬೆರಳು ಒಳಗೆ ಬೀಳುತ್ತದೆ. ಬಟ್ಟೆಯ ಮೇಲೆ ಕಸೂತಿಯ ದಾರ ಹೀಗೆ ಇರುವುದಿಲ್ಲ, ಉಬ್ಬಿರುತ್ತದೆ, ಬೆರಳಿಗೆ ಎದುರು ನಿಲ್ಲುತ್ತದೆ.

ಎರಡನೇ ಅಚ್ಚು ಶುರು ಮಾಡಿದ್ದೇನೆ. ಇದರಲ್ಲಿ ಗೆರೆಯನ್ನು ಬಿಟ್ಟು ಸುತ್ತಲಿನದೆಲ್ಲ ತೆಗೆಯುವುದು. ಮೊದಲಿನದಕ್ಕಿಂತ ನಾಲ್ಕು ಪಟ್ಟು ಕೆಲಸ. ಡೆಬೊರಾ ಯಾಕೆ ಎಂದು ಕೇಳಿದಳು. ಡಿಸೆಂಬರಿನಲ್ಲಿ ಲೈಬ್ರರಿಯಲ್ಲಿ ಕ್ಲಾಸಿನವರ ಚಿತ್ರ ತೂಗುಹಾಕುತ್ತಾರಲ್ಲ, ಅದಕ್ಕೆ ಎಂದು ಹೇಳಿಸಿದೆ.

೬ ನವೆಂಬರ್

ಎಡಗಡೆ ಗಿಳಿಯ ಕೊಕ್ಕು ಹಾರಿಹೋಯಿತು. ಎಂಟೊಂಬತ್ತು ದಿನದ ಕೆಲಸ. ಕಸೂತಿಯಾಗಿದ್ದರೆ ಬಿಚ್ಚುತ್ತಿದ್ದೆ. ಇದರಲ್ಲಿ ತೆಗೆದದ್ದು ತೆಗೆದದ್ದೇ. ಸಂಹಿತಾ ಅಂಟು ತಂದಳು. ಬೇಡವೆಂದೆ. ಹೊಸ ಹಾಳೆ, ಮತ್ತೆ ಮೊದಲಿನಿಂದ.

೧೧ ನವೆಂಬರ್, ಮಂಗಳವಾರ

ಹೊಸ ಹಾಳೆಯಲ್ಲಿ ಗಿಳಿ ಎರಡೂ ನಿಂತವು. ಸರಪಣಿಗೆ ಬಂದು ಕೈ ನಿಂತಿತು. ಕೊಂಡಿ ಒಂಬತ್ತೋ ಹನ್ನೊಂದೋ? ಮೊದಲ ಅಚ್ಚಿನಲ್ಲಿ ಒಂಬತ್ತು ಹಾಕಿದ್ದೆ, ಏನೋ ಗಿಡ್ಡ ಅನ್ನಿಸಿತ್ತು. ಅವ್ವ ಸರಪಣಿಯನ್ನು ಯಾವಾಗಲೂ ಚಂಪಿಯ ಕೈಲೇ ಹಾಕಿಸುತ್ತಿದ್ದಳು. ನನಗೆ ತಾಳ್ಮೆ ಇಲ್ಲವೆಂದು ಅವಳ ಅಭಿಪ್ರಾಯ.

ಶರಣಪ್ಪನಿಗೆ ನಾನೇ ಫೋನು ಮಾಡಿದೆ.

"ನಿಮ್ಮವ್ವನ್ನ ಕೇಳು, ತೊಟ್ಟಿಲ ಸರಪಣಿಗಿ ಎಷ್ಟ್ ಕೊಂಡಿ ಅಂತ. ನಾ ಕೇಳಿದೆ ಅನಬ್ಯಾಡ. ಯಾರೋ ಸಾಲಿ ಮಾಸ್ತರು ಕೇಳಿದ್ರು ಅನ್ನು."

ಕಾಯುತ್ತಾ ನಿಂತೆ. ಶರಣಪ್ಪ ತಿರುಗಿ ಬಂದ.

"ದೊಡ್ಡವ್ವಾ, ಎರಡು ತಿಂಗಳ ಮ್ಯಾಲೆ ಇಷ್ಟುದ್ದ ಮಾತಾಡಿದ್ಲು. ಹನ್ನೊಂದು ಅಂತ. 'ಒಂಬತ್ತು ಹಾಕಿ ತೊಟ್ಟಿಲ ನೆಲಕ್ಕ ಬಡಿಯೂವಂಗ ಮಾಡಬ್ಯಾಡ ಅನ್ನು ಆ ಮಾಸ್ತರಗ. ಅಕಿಗಿ ಮೊದಲಿಂದ್ಲೂ ಅವಸರಾ' ಅಂದ್ಲು."

ಮಾಸ್ತರನನ್ನು ಅಕಿ ಎಂದು ಯಾರು ಅನ್ನುತ್ತಾರೆ? ಕಣ್ಣು ಹೋದರೂ ಕೊಂಕು ಹೋಗಿಲ್ಲ.

ಒಂಬತ್ತು ಹಾಕಿದರೆ ತೊಟ್ಟಿಲು ಮೇಲೆ ಹೋಗುತ್ತದೆ, ನೆಲಕ್ಕೆ ಹೇಗೆ ಬಡಿಯುತ್ತದೆ? ಅದನ್ನು ಯಾರಾದರೂ ಅವಳಿಗೆ ತಿದ್ದಿ ಹೇಳಬೇಕು. ಹನ್ನೊಂದು ಕೊರೆದೆ. ಸರಿ ಬಂತು.

೨೫ ನವೆಂಬರ್, ಮಂಗಳವಾರ

ಒಂದೇ ಸಾಕು ಅಂದಿದ್ದವಳು ಬೆಳಿಗ್ಗೆ ಹತ್ತಕ್ಕೆ ಕೂತು ಮಧ್ಯಾಹ್ನದೊಳಗೆ ಇಪ್ಪತ್ತು ಪ್ರತಿ ಒತ್ತಿದೆ. ಇಪ್ಪತ್ತಕ್ಕೆ ಇಪ್ಪತ್ತೂ ಸ್ವಚ್ಛ. ವೈಲೆಟ್ ಹಾಳೆ ಎತ್ತಿ ಹಗ್ಗಕ್ಕೆ ಚಿಮಟಿ ಹಾಕುತ್ತಾ ಹೋದಳು. ಕೋಣೆಯ ಈ ಗೋಡೆಯಿಂದ ಆ ಗೋಡೆಗೆ ಅವ್ವನ ತೊಟ್ಟಿಲುಗಳು. ಯಾರೋ ಬಸ್‌ಸ್ಟಾಪಿನಲ್ಲಿ ಒದರಿ ಮಾರಿದಂತೆ ಕಾಣಲಿಲ್ಲ. ಹಬ್ಬದ ದಿನ ಓಣಿಯಲ್ಲಿ ಬಟ್ಟೆ ಒಣಹಾಕಿದಂತೆ ಕಂಡಿತು.

ಪ್ರತಿ ಹಾಳೆಯ ಕೆಳಗೆ ಪೆನ್ಸಿಲಿನಿಂದ ನಂಬರು ಬರೆಯಬೇಕು: ಗೆರೆಯ ಮೇಲೆ ಎಷ್ಟನೆಯದು, ಗೆರೆಯ ಕೆಳಗೆ ಒಟ್ಟು ಎಷ್ಟು. ಒಂದರ ಕೆಳಗೆ ಇಪ್ಪತ್ತು, ಎರಡರ ಕೆಳಗೆ ಇಪ್ಪತ್ತು, ಹಾಗೆ. ಬರೆದು ಮುಗಿಸಿದೆ. ಆಗ ಡೆಬೊರಾ ನನ್ನ ಅಚ್ಚನ್ನು ಮುಂದೆ ಇಟ್ಟು ದೊಡ್ಡ ಉಳಿ ಕೊಟ್ಟಳು.

"ಇನ್ನು ಇದರ ಮೇಲೆ ಅಡ್ಡಕ್ಕೆ ಒಂದು ಗೀರು ಹಾಕಿಬಿಡಿ ಅಂತಾಳೆ," ಅಂದಳು ವೈಲೆಟ್. "ಇಪ್ಪತ್ತು ಅಂದ್ರೆ ಇಪ್ಪತ್ತೇ. ಮತ್ತೆ ಯಾರೂ ಕದ್ದು ಒತ್ತಬಾರದಲ್ಲ? ಈ ಕೆಲಸದವರ ಕ್ರಮವೇ ಹಾಗೆ ಉಂಟಂತೆ."

ಡೆಬೊರಾ ತನ್ನದೇ ಹಳೆಯ ಅಚ್ಚೊಂದನ್ನು ತೋರಿಸಿದಳು. ಅದರಲ್ಲಿ ಒಂದು ಕುದುರೆ. ಕಿವಿಯಿಂದ ಬಾಲದವರೆಗೆ ಅವಳೇ ಸೀಳಿದ್ದಳು.

ಒಳ್ಳೆಯ ಕ್ರಮ. ಇಂಥ ಕ್ರಮ ಹುಬ್ಬಳ್ಳಿಯಲ್ಲಿ ಇದ್ದಿದ್ದರೆ ಎಂದುಕೊಂಡೆ. ಉಳಿಯ ಮೂತಿಯನ್ನು ಬಲಗಡೆ ಮೂಲೆಗೆ ಊರಿದೆ. ಗೀರು ಎಲ್ಲೆಲ್ಲಿ ಹಾಯುತ್ತದೆ ಎಂದು ಎಡಗೈ ಬೆರಳಿನಿಂದ ದಾರಿ ಹುಡುಕಿದೆ. ಗಿಳಿಯ ರೆಕ್ಕೆ ದಾಟಿ, ಆರನೇ ಕೊಂಡಿಯ ಮೇಲೆ, ತೊಟ್ಟಿಲ ನಡುವೆ. ಬೆರಳು ಅಲ್ಲೇ ನಿಂತಿತು.

ಉಳಿ ಕೆಳಗಿಟ್ಟೆ.

"ಗೀರು ಹಾಕಿದ್ರ ಕಣ್ಣಿಲ್ಲದಾಕಿ ಬೆರಳು ಎಲ್ಲಿಂದ ದಾಟಬೇಕು? ಅರ್ಧಕ್ಕ ಕಡೀತಂತ ತಿಳಕೋತಾಳ."

"ಯಾರು ಅಕ್ಕ ಕಣ್ಣಿಲ್ಲದವಳು?"

"ನನ್ನ ತಂಗಿ."

"ನಿಮಗೆ ತಂಗಿ ಉಂಟು ಅಂತ ಇಷ್ಟು ದಿನ ಹೇಳ್ಲೇ ಇಲ್ಲ."

"ನೀ ಕೇಳಿದ್ದಿ ಏನು?"

ವೈಲೆಟ್ ಅದನ್ನೆಲ್ಲ ಡೆಬೊರಾಳಿಗೆ ಹೇಳಿದಳು. ನಾನು ಆಡಿದ್ದಕ್ಕಿಂತ ಬಹಳ ಉದ್ದವಾಗಿ ಹೇಳಿದಳು. ಡೆಬೊರಾ ತಲೆ ತುರಿಸಿಕೊಂಡು, ಗೀರು ಹಾಕದಿದ್ದರೆ ಒಟ್ಟು ಇಪ್ಪತ್ತು ಅಂತ ಬರೆಯುವುದು ಸುಳ್ಳಾಗುತ್ತದೆ ಎಂದಳು. ಸರಿಯಾದ ಮಾತು. ರಬ್ಬರು ತೆಗೆದುಕೊಂಡು ಹಗ್ಗದ ಉದ್ದಕ್ಕೂ ನಡೆದೆ. ಇಪ್ಪತ್ತು ಹಾಳೆಯಿಂದಲೂ ಗೆರೆಯ ಕೆಳಗಿನ ಇಪ್ಪತ್ತನ್ನು ಒರೆಸಿಹಾಕಿದೆ. ಒಂದು ಹಾಳೆಯ ಮೂಲೆ ಸ್ವಲ್ಪ ಮಾಸಿತು, ಅದನ್ನು ಡೆಬೊರಾ ತನಗೆ ಬೇಕೆಂದು ಇಟ್ಟುಕೊಂಡಳು.

೨೯ ನವೆಂಬರ್, ಶನಿವಾರ

ಲೈಬ್ರರಿಗೆ ಒಂದು ಕೊಟ್ಟೆ. ವೈಲೆಟ್‌ಗೆ ಎರಡು. ಅವಳ ಸೊಸೆ, ಓಸ್ವಿನ್‌ನ ಹೆಂಡತಿ, ಏಳು ತಿಂಗಳ ಬಸುರಿ, ಅವಳಿಗೊಂದು. ಜಿಪಿ ಡಾಕ್ಟರ ದವಾಖಾನೆಯ ಕೌಂಟರಿನ ಹುಡುಗಿ ನನ್ನ ಹೆಸರನ್ನು ಸರಿಯಾಗಿ ಕರೆಯುತ್ತಾಳೆ, ಅವಳಿಗೊಂದು. ಸಂಹಿತಾ ತನ್ನ ಟೀಚರಿಗೆಂದು ಒಂದು ಒಯ್ದಳು. ಆಮೇಲೆ ತನಗೂ ಉಳಿ ಹಿಡಿಯುವುದನ್ನು ಹೇಳಿಕೊಡು ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಕನ್ನಡದಲ್ಲಿ ಕೇಳಿದರೆ ಹೇಳಿಕೊಡುತ್ತೇನೆ ಎಂದೆ. ಕೇಳಿದಳು. ಕ್ರಿಯಾಪದ ಎಲ್ಲೋ ಬಿದ್ದುಹೋಗಿತ್ತು, ಆದರೂ ಹೇಳಿಕೊಟ್ಟೆ.

ವೈಲೆಟ್ ತನ್ನದನ್ನು ಒಲೆಯ ಮೇಲಿನ ಗೋಡೆಗೆ ತೂಗುಹಾಕಿದ್ದಾಳೆ. ಮೀನು ಹುರಿಯುವಾಗ ಸಿಡಿಯುತ್ತದೆ, ಬೇರೆ ಕಡೆ ಹಾಕಲೇ ಎಂದು ಫೋನು ಮಾಡಿ ಕೇಳಿದಳು. ಸಿಡಿದರೆ ಸಿಡಿಯಲಿ, ಇನ್ನೊಂದು ಒತ್ತಿಕೊಡುತ್ತೇನೆ ಎಂದೆ.

೩ ಡಿಸೆಂಬರ್, ಬುಧವಾರ

ಅಚ್ಚನ್ನು ಸೋಪು ಹಾಕಿ ತೊಳೆದೆ. ಹಲ್ಲುಜ್ಜುವ ಬ್ರಶ್ಶಿನಿಂದ ಸಂದುಗೊಂದಿಯ ಮಸಿ ತೆಗೆದೆ. ಕಲ್ಯಾಣಿ ತನ್ನ ರೇಷ್ಮೆ ರವಿಕೆಯ ತುಂಡು ಕೊಟ್ಟಳು ಸುತ್ತಲಿಕ್ಕೆ. ಹನ್ನೊಂದು ಗಂಟೆಗೆ ಪೋಸ್ಟ್ ಆಫೀಸಿಗೆ ಹೋಗಿ ಹಾಕಿ ಬಂದೆವು. ಒಳಗಿಟ್ಟ ಕಾಗದದ ನಕಲು ಇಲ್ಲಿ ಬರೆದಿಡುತ್ತೇನೆ. ನಾಳೆ ನಾನು ಹಾಗೆ ಬರೆಯಲೇ ಇಲ್ಲ ಎಂದು ನನ್ನ ಜೊತೆಗೇ ಜಗಳಕ್ಕೆ ನಿಲ್ಲಬಾರದಲ್ಲ.

ಚಂಪಿ,

ಇದನ್ನು ಶರಣಪ್ಪ ಓದುತ್ತಿದ್ದಾನೆ. ಗಟ್ಟಿಯಾಗಿ ಓದೋ, ಗೊಣಗಬೇಡ.

ಈ ಪೆಟ್ಟಿಗೆಯಲ್ಲಿ ಇರುವುದನ್ನು ಯಾರೂ ತೆಗೆದುಕೊಡಬಾರದು, ನೀನೇ ತೆಗೆ. ಮಡಿಲಲ್ಲಿ ಇಟ್ಟುಕೋ. ಮೇಲಿನಿಂದ ಶುರು ಮಾಡು. ಮೊದಲು ಎಡಗಡೆ ಗಿಳಿ, ಆಮೇಲೆ ಬಲಗಡೆಯದು. ಅಲ್ಲಿಂದ ಇಳಿದು ಬಾ. ಎಲ್ಲೂ ಕಡಿದಿಲ್ಲ. ಬೆರಳು ಎತ್ತದೆ ಹೋದರೆ ಹೊರಟ ಜಾಗಕ್ಕೇ ಬರುತ್ತೀ. ತೊಟ್ಟಿಲ ಒಳಗೆ ಏನೂ ಹಾಕಿಲ್ಲ. ಅವ್ವ ಹಾಕುತ್ತಿರಲಿಲ್ಲ, ನಿನಗೆ ನೆನಪಿರಬೇಕು.

ಇದಕ್ಕೆ ಮಸಿ ಹಚ್ಚಿ ಎಷ್ಟು ಬೇಕಾದರೂ ಒತ್ತಬಹುದು. ನಿನ್ನ ಸೊಸೆಗೆ ಹೇಳು, ಕೇಳಿದವರಿಗೆಲ್ಲ ಒತ್ತಿಕೊಡಲಿ. ಸಾಲೆಯ ಮಕ್ಕಳು ಕೇಳಿದರೂ ಕೊಡಲಿ. ನನಗೆ ಬೇಕೆಂದರೆ ಇನ್ನೊಂದು ಕೊರೆಯುತ್ತೇನೆ, ನನ್ನ ಕೈ ಇನ್ನೂ ಇದೆ. ದೀಪಾವಳಿಯ ದಿನ ಫೋನಿನಲ್ಲಿ ಮಾತಾಡದೆ ನಿಂತವಳು ನಾನೇ. ನಿನಗೆ ಗೊತ್ತಾಗಿರುತ್ತದೆ.

ಉತ್ತರವನ್ನು ಶರಣಪ್ಪನಿಂದ ಬರೆಸಬೇಡ, ಅವನು ಎಲ್ಲದಕ್ಕೂ "ಕ್ಷೇಮ" ಎಂದು ಬರೆಯುತ್ತಾನೆ. ಒಂದು ಗೇಣು ದಪ್ಪ ಖಾದಿ ತರಿಸು. ಸೂಜಿಗೆ ದಾರ ಯಾರಾದರೂ ಪೋಣಿಸಿಕೊಡಲಿ. ಬೆರಳಿನಿಂದ ಎಳೆ ಹುಡುಕಿ ಒಂದೇ ಒಂದು ಸಾಲು ಹೊಲಿ. ಸೊಟ್ಟ ಬಂದರೆ ಬರಲಿ, ಎಣಿಕೆ ತಪ್ಪಿದರೆ ತಪ್ಪಲಿ. ಕಸೂತಿಗೆ ಗಂಟು ಹಾಕುವಂತಿಲ್ಲ, ಹಾಕಿದ್ದು ಕಂಡರೆ ಮಾತ್ರ ವಾಪಸು ಕಳಿಸುತ್ತೇನೆ.

ಬರುವ ತಿಂಗಳು ಶುರುವಾಗುವ ಮೊದಲೇ ಆ ಬಟ್ಟೆ ಹ್ಯಾರೋದಲ್ಲಿ ನನ್ನ ಕೈ ಸೇರಬೇಕು. ತಡಮಾಡಬೇಡ.

ನಿನ್ನ ಅಕ್ಕ
ನೀಲಗಂಗವ್ವ